ಕತ್ತು ಕಲಿಯದ ಭಾಷೆ

ಬುರ್ಗಾಸ್
21 ಜನವರಿ 1991, ಸೋಮವಾರ

ನನ್ನ ಮಗಳು ದೆನಿತ್ಸಾಗೆ ಆಶೀರ್ವಾದ. ಈ ಲಕೋಟೆಯನ್ನು ನಿನಗಿಂತ ಮೊದಲು ಬಿಡಿಸಿದವರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.

ಮೊದಲೆಲ್ಲ ನಮ್ಮ ಕಾಗದಗಳನ್ನು ಸರ್ಕಾರದವರು ಬಿಡಿಸಿ ಓದುತ್ತಿದ್ದರು. ಆಗ ಅಂಟು ಗಟ್ಟಿಯಾಗಿರುತ್ತಿತ್ತು, ಯಾಕೆಂದರೆ ಓದಿದವರು ಹೊಸದಾಗಿ ಅಂಟಿಸುತ್ತಿದ್ದರು. ನೀನು ಕಳಿಸಿದ ಲಕೋಟೆ ಬೆರಳು ತಾಗಿದ್ದೇ ತಡ ಬಾಯಿ ಬಿಟ್ಟುಕೊಂಡಿತು. ಯಾರೂ ಓದುತ್ತಿಲ್ಲವೆಂದು ಅರ್ಥವೋ, ಅಂಟಿಗೂ ಈಗ ರೇಷನ್ ಕೂಪನ್ ಹಾಕಿದ್ದಾರೋ ತಿಳಿಯಲಿಲ್ಲ. ಇನ್ನೊಂದು ಮಾತು: ಮೇಲೆ ವಿಳಾಸ ಬರೆದ ಕೈ ನಿನ್ನದಲ್ಲ. ನಿನ್ನ ಅಕ್ಷರ ನಿನ್ನ ಅಮ್ಮನದರ ಹಾಗೆ ಬಲಕ್ಕೆ ವಾಲುತ್ತದೆ. ಇದು ಕವಾಯತಿಗೆ ನಿಂತ ಹಾಗೆ ನೆಟ್ಟಗಿದೆ. ಯಾರದೆಂದು ಗೊತ್ತು. ಇರಲಿ, ಅದನ್ನು ಕೊನೆಗೆ ನೋಡಿಕೊಳ್ಳೋಣ.

ಕಾಗದ ಶುಕ್ರವಾರ ಬಂತು. ಅರ್ಧ ಪುಟದಲ್ಲಿ ಮಾರ್ಚ್ ತಿಂಗಳಿಗೆ ಮಗು, ಡಾಕ್ಟರು ಎಲ್ಲ ಸರಿಯಿದೆ ಅಂದಿದ್ದಾರೆ ಎಂದು ಬರೆದು, ಉಳಿದರ್ಧದಲ್ಲಿ ಬಾಗಿಲು ಹಾಕಿದ್ದೀಯ. 'ಅಪ್ಪಾ, ನಿಮ್ಮ ಅಳಿಯ ಪ್ಲಾಮೆನ್ ಮೇಲೆ ನಿಮಗೆ ಏನು ಸಿಟ್ಟು ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿ. ಹೇಳದೆ ನಮ್ಮ ಹೊಸ್ತಿಲು ತುಳಿಯಬೇಡಿ. ಇಬ್ಬರು ಗಂಡಸರು ಗೋಡೆ ನೋಡಿಕೊಂಡು ಕೂತಿರುವ ಮನೆಗೆ ನನ್ನ ಮಗು ಬರೋದು ಬೇಡ.' ಇದು ನಿನ್ನ ಮಾತೋ, ಯಾರಾದರೂ ಹೇಳಿ ಬರೆಸಿದ್ದೋ ಎಂದು ಮೊದಲು ಅನುಮಾನ ಬಂತು. ಎರಡನೇ ಸಲ ಓದಿದಾಗ ನಿನ್ನ ಅಮ್ಮನ ದನಿಯೇ ಕೇಳಿಸಿತು. ಅವಳೂ ಹೀಗೆಯೇ, ಸಿಹಿ ಮೊದಲು ಬಡಿಸಿ ಆಮೇಲೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು.

ಈಗ ಕರೆಂಟಿಲ್ಲ. ಕಿಟಕಿಯ ಪಕ್ಕ ಕೋಟು ತೊಟ್ಟು ಕೂತು ಬರೆಯುತ್ತಿದ್ದೇನೆ. ಪಕ್ಕದ ಮನೆಯ ತ್ಸೊನ್ಕಾ ಬೆಳಿಗ್ಗೆ ಪದರು ಪದರಾದ ಬನಿತ್ಸಾ ರೊಟ್ಟಿ ತಂದುಕೊಟ್ಟಳು. ಚೀಸು ಸಿಗದ ಕಾಲದಲ್ಲಿ ಒಳಗೆ ಚೀಸು ತುಂಬಿದ ಬನಿತ್ಸಾ! "ಏನಮ್ಮಾ, ಎಲ್ಲಿಂದ ಬಂತು?" ಅಂದೆ. "ತಿನ್ನಣ್ಣಾ ಸುಮ್ನೆ, ಚೀಸಿಗೂ ಪಾಸ್‌ಪೋರ್ಟ್ ಕೇಳ್ತೀಯಲ್ಲ," ಅಂದಳು. ತಿಂದೆ. ಆದರೆ ಎಲ್ಲಿಂದ ಬಂತೆಂದು ಅವಳು ಹೇಳಲಿಲ್ಲ, ನೋಡು.

ಹೌದು, ನಾನು ಅನುಮಾನದ ಪ್ರಾಣಿಯೇ. ಎಣ್ಣೆ ಬಂದರಿನ ಕಚೇರಿಯಲ್ಲಿ ತಲೆ ನರೆಸಿಕೊಂಡವನು ಇನ್ನೇನಾದಾನು? ಈ ವಾರ ಬಾಗ್ದಾದಿನ ಮೇಲೆ ಬಾಂಬು ಬೀಳುತ್ತಿದೆ ಎಂದು ರೇಡಿಯೊ ಹೇಳಿದರೆ ಊರೆಲ್ಲ ಅಯ್ಯೋ ಅನ್ನುತ್ತದೆ. ನನ್ನ ಕಿವಿ ಮೊದಲು ಹೋಗುವುದು ಎಣ್ಣೆ ಪೀಪಾಯಿಯ ಬೆಲೆ ಎಷ್ಟಾಯಿತು ಎಂಬ ಕಡೆಗೆ.

ನಿನ್ನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಎಣ್ಣೆಯಿಂದಲೇ ಶುರುಮಾಡಬೇಕು. ನೀನು ಸಣ್ಣವಳಿದ್ದಾಗ ಇದನ್ನೆಲ್ಲ ಮನೆಯಲ್ಲಿ ಆಡುವ ಹಾಗಿರಲಿಲ್ಲ. ಕರಿಸಮುದ್ರದ ಆಚೆಯಿಂದ ದೊಡ್ಡಣ್ಣನ, ಅಂದರೆ ರಷ್ಯನ್ನರ, ಹಡಗು ಬರುತ್ತಿತ್ತು, ಕಚ್ಚಾ ಎಣ್ಣೆ ಇಳಿಸುತ್ತಿತ್ತು. ಬದಲಿಗೆ ನಾವು ಟೊಮೇಟೊ, ಡಬ್ಬಿಯ ಮೆಣಸಿನಕಾಯಿ, ಸರಕು ಎತ್ತುವ ಯಂತ್ರ ಕಳಿಸುತ್ತಿದ್ದೆವು. ಲೆಕ್ಕವೆಲ್ಲ 'ವರ್ಗಾವಣೆ ರೂಬಲ್' ಎಂಬ ಹಣದಲ್ಲಿ. ಹೆಸರು ಮಾತ್ರ ವರ್ಗಾವಣೆ. ಹುಟ್ಟಿದ್ದಲ್ಲಿಂದ ಅದು ಒಂದು ಹೆಜ್ಜೆ ಆಚೆ ವರ್ಗವಾಗಲಿಲ್ಲ. ಅದನ್ನು ಕಣ್ಣಲ್ಲಿ ಕಂಡವನಿಲ್ಲ, ಕೈಯಲ್ಲಿ ಹಿಡಿದವನಿಲ್ಲ. ಅಣ್ಣತಮ್ಮಂದಿರ ಮನೆಯೊಳಗೆ ಮಾತ್ರ ನಡೆಯುವ ನಾಣ್ಯ. ಗೇಟು ದಾಟಿದರೆ ಹಾಲಿನವಳೂ ಮುಟ್ಟುವುದಿಲ್ಲ. ಎಣ್ಣೆಯ ಬೆಲೆಯೂ ಇವತ್ತಿನದಲ್ಲ, ಹಿಂದಿನ ಐದು ವರ್ಷದ ಸರಾಸರಿ. ಜಗತ್ತಿನಲ್ಲಿ ಬೆಲೆ ಏರುತ್ತಿದ್ದಾಗ ನಾವು ಹಳೆಯ ಬೆಲೆ ಕೊಟ್ಟು ಒಳಗೊಳಗೇ ನಗುತ್ತಿದ್ದೆವು.

ನಗಲು ಇನ್ನೊಂದು ಕಾರಣವಿತ್ತು. ನಮಗೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಬರುತ್ತಿತ್ತು. ಹೆಚ್ಚಾದದ್ದು ಡೀಸೆಲ್ ಆಗಿ ಗ್ರೀಕರ, ಇಟಲಿಯವರ ಹಡಗು ಹತ್ತಿ ಡಾಲರಾಗಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಹಾರ್ಡ್ ಕರೆನ್ಸಿ ಅನ್ನುತ್ತಾರೆ. ವಾರ್ನಾದ ಕಾಲೇಜಿನಲ್ಲಿ ಕಲಿತ ನನ್ನ ಇಂಗ್ಲಿಷಿನಲ್ಲಿ ಹಾರ್ಡ್ ಅಂದರೆ ಗಟ್ಟಿ ಅಂತಲೂ ಆಗುತ್ತದೆ, ಕಷ್ಟ ಅಂತಲೂ ಆಗುತ್ತದೆ. ಎರಡೂ ಸರಿಯೇ. ದೊಡ್ಡಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಆದರೂ ಕಣ್ಣು ಮುಚ್ಚಿಕೊಂಡಿದ್ದ ಎಂಬುದು ನನ್ನ ಅನುಮಾನ. ಅಗ್ಗದ ಎಣ್ಣೆ ಕೊಟ್ಟು ನಮ್ಮ ಬಾಯಿ ಕೊಂಡುಕೊಂಡಿದ್ದ. ಅವನು ಎಲ್ಲಿ ಟ್ಯಾಂಕ್ ನುಗ್ಗಿಸಿದರೂ ನಮ್ಮವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಲ್ಲ, ಆ ಚಪ್ಪಾಳೆಯ ಶಬ್ದ ನನಗೆ ಕೊಳಾಯಿಯಲ್ಲಿ ಎಣ್ಣೆ ಬಿದ್ದ ಹಾಗೆಯೇ ಕೇಳಿಸುತ್ತಿತ್ತು.

ಈಗ ಲೆವ್ ಅರ್ಕಾದ್ಯೆವಿಚ್ ಬರುತ್ತಾನೆ. ನಿನಗೆ ಅವನು ಚಾಕಲೇಟು ತರುವ ಮಾಸ್ಕೋ ಮಾಮ. ನನಗೆ ಅವನು ಪ್ರತಿ ಶರತ್ಕಾಲದಲ್ಲಿ ಎಣ್ಣೆಯ ಕಡೆಯಿಂದ ಬರುವ ದೊಡ್ಡಣ್ಣನ ಪ್ರತಿನಿಧಿ, ಮೀನು ಹಿಡಿಯಲು ಜೊತೆಗಾರ, ಇಪ್ಪತ್ತೈದು ವರ್ಷವಾದರೂ ಸ್ನೇಹಿತನೋ ಗೂಢಚಾರನೋ ತೀರ್ಮಾನಿಸಲಾಗದ ಮನುಷ್ಯ. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ನಿನ್ನ ಅಮ್ಮ ಬೆಳ್ಳುಳ್ಳಿ ವಿನೆಗರ್ ಹಾಕಿದ ಬೋಟಿ ಸೂಪ್ ಮಾಡಿದ್ದಳು. ಅವನು ತಟ್ಟೆ ನೆಕ್ಕುವುದೊಂದು ಬಾಕಿ. ಇವಳು, "ಇನ್ನೊಂಚೂರು ಹಾಕ್ಲಾ?" ಅಂದಳು. ಅವನು ಖುಷಿಯಿಂದ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಇವಳು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು! ಪಾಪ, ರಷ್ಯನ್ನರಿಗೆ ಅದು ಹೌದು, ನಮಗೆ ಅದೇ ಇಲ್ಲ. ಅವರು ಅಡ್ಡಡ್ಡ ಆಡಿಸಿ ಬೇಡವೆಂದರೆ ನಾವು ಬೇಕೆಂದುಕೊಂಡು ಸುರಿಯುತ್ತೇವೆ. ಬೀದಿಗೆ ಬಂದ ಮೇಲೆ ಅವನು ನನ್ನ ತೋಳು ಹಿಡಿದು, "ನಿನ್ನ ಹೆಂಡ್ತಿಗೆ ನಾನೇನು ತಪ್ಪು ಮಾಡ್ದೆ? ಕೈಯಿಂದ ತಟ್ಟೆ ಕಿತ್ಕೊಂಡ್ರಲ್ಲಪ್ಪಾ!" ಅಂದ.

ಅವತ್ತಿನಿಂದ ಕಚೇರಿಯಲ್ಲಿ ನಾನೊಂದು ನಿಯಮ ಮಾಡಿದೆ. ರಷ್ಯನ್ನರ ಜೊತೆ ರಷ್ಯನ್ ಆಡುವಾಗ ತಲೆಯೂ ರಷ್ಯನ್ ಆಗಬೇಕು. ಹೊಸಬರಿಗೆಲ್ಲ ಮೊದಲ ಪಾಠ ಅದೇ. ಪ್ಲಾಮೆನ್ ದುಭಾಷಿಯಾಗಿ ಸೇರಿದ ದಿನ ಅವನಿಗೂ ಹೇಳಿಕೊಟ್ಟೆ. ಆಗಿನ್ನೂ ಅವನು ನನ್ನ ಅಳಿಯನಾಗಿರಲಿಲ್ಲ. ನಿನ್ನನ್ನು ನೋಡಲು ನೆಪ ಹುಡುಕಿಕೊಂಡು ಮನೆಗೆ ಕಡತ ತರುತ್ತಿದ್ದ ಹುಡುಗ.

ಎಂಬತ್ತೈದರ ಶರತ್ಕಾಲ. ನಿಮ್ಮ ಮದುವೆಯಾಗಿ ಆರು ತಿಂಗಳಾಗಿರಬೇಕು. ಸಭೆಯ ನಡುವೆ ಕಾಫಿಗೆಂದು ಎದ್ದೆವು. ಲೆವ್ ಪ್ಲಾಮೆನ್‌ನ ಹೆಗಲ ಮೇಲೆ ಕೈ ಹಾಕಿ ಕಿಟಕಿಯ ಹತ್ತಿರ ಕರೆದುಕೊಂಡು ಹೋದ. ನಾನು ಕೋಣೆಯ ಇನ್ನೊಂದು ತುದಿಯಲ್ಲಿ ಕಾಫಿ ಬಗ್ಗಿಸುತ್ತಿದ್ದೆ. ಮಾತು ಕೇಳಿಸಲಿಲ್ಲ, ತಲೆಗಳು ಮಾತ್ರ ಕಂಡವು. ಲೆವ್ ಬಗ್ಗಿ ಏನೋ ಕೇಳಿದ. ಕೈಯನ್ನು ಕಿಟಕಿಯಾಚೆ, ಗ್ರೀಕರ ಹಡಗು ನಿಂತಿದ್ದ ಕಡೆಗೆ ತೋರಿಸಿದ. ಪ್ಲಾಮೆನ್ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಲೆವ್ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಮೇಲೆ ಕೆಳಗೆ. ಲೆವ್ ನಕ್ಕು ಅವನಿಗೊಂದು ಸಿಗರೇಟು ಕೊಟ್ಟ.

ಹೌದು ಅಂದುಬಿಟ್ಟ. ನಿಮ್ಮೆಣ್ಣೆ ಆಚೆ ಹೋಗುತ್ತಿದೆ, ಹೌದು. ನನ್ನ ಕೈಯ ಕಾಫಿ ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು.

ಆಮೇಲಿನದು ನಿನಗೆ ಅರ್ಧ ಗೊತ್ತು. ಮರುವರ್ಷ ನಮ್ಮ ಹೆಚ್ಚುವರಿ ಎಣ್ಣೆ ನಿಂತಿತು. ಸೋಫಿಯಾದಿಂದ ಬಂದವರು ನನ್ನ ಎದುರು ಕೂತು, ಬಂದರಿನಲ್ಲಿ ಯಾರ ನಾಲಿಗೆ ಉದ್ದವಾಗಿದೆ ಎಂದು ಕೇಳಿದರು. ನಾನು ಅಳಿಯನ ಹೆಸರು ಹೇಳಲಿಲ್ಲ. ನನ್ನನ್ನು ಮೀನಿನ ಶೈತ್ಯಾಗಾರಕ್ಕೆ ಎತ್ತಿಹಾಕಿದರು, ನಿವೃತ್ತಿಯವರೆಗೆ ಅಲ್ಲೇ ಮರಗಟ್ಟಿದೆ. ಅದೇ ವಸಂತದಲ್ಲಿ ಪ್ಲಾಮೆನ್‌ಗೆ ಸೋಫಿಯಾಕ್ಕೆ ಬಡ್ತಿ. ಹೇಳು, ನನ್ನ ಜಾಗದಲ್ಲಿ ನೀನಿದ್ದರೆ ಏನೆಂದುಕೊಳ್ಳುತ್ತಿದ್ದೆ? ಮಾವನನ್ನು ಮಂಜುಗಡ್ಡೆಗೆ ಹಾಕಿ ಅಳಿಯ ಮಹಡಿ ಹತ್ತಿದ. ಅವನನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆಂಬ ಭಯವೋ, ನಿಜ ಹೇಳಿಬಿಟ್ಟಾನೆಂಬ ಭಯವೋ. ನಿನ್ನ ಅಮ್ಮ ತೀರಿಕೊಂಡಾಗ ಅವನು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಡಲು ಬಂದ. ನಾನು ಅವನ ಕೈ ಸರಿಸಿ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ನಾವಿಕನನ್ನು ಕರೆದೆ. ಪ್ಲಾಮೆನ್ ತೀರಿಕೊಂಡವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಹಿಡಿದುಕೊಂಡು ಹಿಂದೆ ಹಿಂದೆ ಬಂದ. ನೀನು ಅದನ್ನು ನೋಡಿದೆ, ನಾನು ನೋಡದವನಂತೆ ನಡೆದೆ.

ನನ್ನ ಸಿಟ್ಟು ಇದು. ಶುಕ್ರವಾರವೇ ಬರೆಯಲು ಕೂತಿದ್ದರೆ ಕಾಗದ ಇಲ್ಲಿಗೆ ಮುಗಿಯುತ್ತಿತ್ತು. ಬರೆಯಲಾಗಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಲೆವ್ ನನ್ನ ಮನೆಯಲ್ಲೇ ಇದ್ದ.

ಹೇಳದೆ ಕೇಳದೆ ಹೋದ ವಾರ ಬಂದು ನಿಂತ. ತುಪ್ಪಟದ ಟೊಪ್ಪಿಗೆ ಅದೇ, ಒಳಗಿನ ತಲೆ ಮಾತ್ರ ಬೋಳು. ಕೈಯಲ್ಲಿ ಫ್ರೆಂಚ್ ಬ್ರಾಂದಿ. ಫ್ರೆಂಚ್! ನನಗೆ ಆಗಲೇ ವಾಸನೆ ಹೊಡೆಯಿತು. ಮೊದಲೆಲ್ಲ ನಾವಿಬ್ಬರೂ ಪಕ್ಕದವರಿಗೆ ತಿಳಿಯಬಾರದೆಂದು ನಮ್ಮ ಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಈಗ ಯಾರ ಭಯವೂ ಇಲ್ಲದಿದ್ದರೂ ಅವನು ದನಿ ತಗ್ಗಿಸಿ, "ಮೈ ಫ್ರೆಂಡ್, ಒನ್ ಸ್ಮಾಲ್ ಬಿಸಿನೆಸ್," ಅಂದ. ಅವನೂ ಇನ್ನಿಬ್ಬರೂ ಸೇರಿ ಕಂಪನಿ ಮಾಡುತ್ತಾರಂತೆ. ಬುರ್ಗಾಸಿನಲ್ಲಿ ಒಬ್ಬ ಬೇಕಂತೆ.

"ನಿನಗೆ ಬಂದರಿನ ಒಂದೊಂದು ಕೊಳಾಯೀನೂ ಗೊತ್ತು. ನಿನ್ನ ಹೆಸರು ಹಾಕೋಣ."

"ಯಾವ ಎಣ್ಣೆ ಮಾರ್ತೀರಿ?"

"ಅದೇ ಎಣ್ಣೆ."

"ಈಗ ಅದು ಯಾರದು?"

"ಅದನ್ನಿನ್ನೂ ಯಾರೂ ತೀರ್ಮಾನ ಮಾಡಿಲ್ಲ. ಅದಕ್ಕೇ ಅವಸರ!"

ನಾನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಅವನು ಒಂದು ಕ್ಷಣ ನೋಡಿದ, ನಿಟ್ಟುಸಿರು ಬಿಟ್ಟ, ಬ್ರಾಂದಿ ಬಗ್ಗಿಸಿದ. ಮತ್ತೆ ಆ ಮಾತೆತ್ತಲಿಲ್ಲ. ಈ ಆಟ ಇಷ್ಟು ಬೇಗ ಮುಗಿಯಿತೇ ಎಂದು ನನಗೆ ಅನುಮಾನ. ಇನ್ನೇನೋ ಉಳಿಸಿಕೊಂಡಿದ್ದಾನೆ ಎಂದು ಕಾಯುತ್ತಲೇ ಇದ್ದೆ.

ಶನಿವಾರ ಬೆಳಿಗ್ಗೆ ಅವನನ್ನು ರೈಲಿಗೆ ಬಿಡಲು ಹೋದೆ. ನಿಲ್ದಾಣದ ಉಪಾಹಾರದ ಅಂಗಡಿಯಲ್ಲಿ ಚಹಾ ಒಂದು ಬಿಟ್ಟು ಏನೂ ಇರಲಿಲ್ಲ. ನಿನ್ನ ಕಾಗದ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅವನು ಚಹಾ ಊದುತ್ತ ತಾನಾಗಿಯೇ ಕೇಳಿದ:

"ಆ ನಿನ್ನ ಅಳಿಯ, ಕಂಬದ ಹಾಗೆ ನಿಂತ್ಕೋತಿದ್ನಲ್ಲ, ಹೇಗಿದಾನೆ?"

"ಸೋಫಿಯಾದಲ್ಲಿದಾನೆ."

"ನಿನ್ನ ಬದಲು ಅವನನ್ನ ಕೇಳಬೇಕಿತ್ತು ನಾನು. ಆದರೆ ಅವನೂ ಬರೋ ಪೈಕಿ ಅಲ್ಲ ಬಿಡು. ಒಂದ್ಸಲ ಕಿಟಕಿ ಹತ್ರ ನಿಲ್ಲಿಸ್ಕೊಂಡು ಕೇಳ್ದೆ, ನಮ್ಮೆಣ್ಣೆ ಆ ಗ್ರೀಕರ ಹಡಗಿಗೆ ಹೋಗ್ತಿದ್ಯೇನಪ್ಪಾ ಅಂತ. ಇಲ್ಲ ಅಂದ. ರೆಪ್ಪೆ ಅಲ್ಲಾಡಿಸ್ದೆ ಎರಡು ಸಲ ಇಲ್ಲ ಅಂದ. ಹಡಗು ಕಣ್ಮುಂದೆನೇ ನಿಂತಿತ್ತು, ಕಳ್ಳ! ಮೆಚ್ಕೊಂಡು ಸಿಗರೇಟ್ ಕೊಟ್ಟೆ."

"ಬಾಯಲ್ಲಿ ಅಂದನಾ?"

"ಬಾಯೆಲ್ಲಿ ಬಿಡ್ತಾನೆ ಅವನು? ನಿಮ್ಮೋರ ಥರ, ಹಿಂಗೆ." ಲೆವ್ ತನ್ನ ಬೋಳು ತಲೆಯನ್ನು ಮೇಲೆ ಕೆಳಗೆ ಆಡಿಸಿದ.

"ಹಂಗಂದ್ರೆ ನಿಮ್ಮಲ್ಲಿ ಹೌದು ಅಂತಲ್ವಾ?"

"ನನಗಾ? ಬೋಟಿ ಸೂಪ್ ಕಳ್ಕೊಂಡೋನಿಗಾ?" ಅವನು ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. "ನಿನ್ನ ಹೆಂಡ್ತಿ ತಟ್ಟೆ ಎತ್ತಿದ ದಿನಾನೇ ನಾನು ಆ ಪರೀಕ್ಷೆ ಪಾಸಾದೆ ಕಣೋ!"

ನೋಡಿದೆಯಾ ತಾಯಿ? ರಷ್ಯನ್ನನು ಆ ತಲೆಯನ್ನು ನಮ್ಮ ಭಾಷೆಯಲ್ಲಿ ಓದಿದ. ಬುರ್ಗಾಸಿನಲ್ಲಿ ಹುಟ್ಟಿ ಬೆಳೆದ ನಾನು ರಷ್ಯನ್ನಿನಲ್ಲಿ ಓದಿದೆ.

"ಹಾಗಾದ್ರೆ ನಮ್ಮ ಪಾಲು ಯಾಕೆ ನಿಂತೋಯ್ತು?" ಅಂದೆ. ಅವನು ಮಗುವಿಗೆ ಹೇಳುವ ಹಾಗೆ ಹೇಳಿದ. "ನಾನು ಇಲ್ಲ ಅಂತಾನೇ ವರದಿ ಕೊಟ್ಟೆ. ಓದೋರು ಯಾರು? ಆ ಚಳಿಗಾಲ ಎಣ್ಣೆ ಬೆಲೆ ದಬಾರಂತ ಬಿತ್ತು. ನಮಗೆ ರೊಟ್ಟಿಗೆ ಗೋಧಿ ಬರ್ತಿದ್ದಿದ್ದು ಅಮೆರಿಕದಿಂದ, ಕೆನಡಾದಿಂದ. ಅವರು ರೂಬಲ್ ಮುಟ್ಟಲ್ಲ. ಮೊದಲಷ್ಟೇ ಗೋಧಿ ಬೇಕಂದ್ರೆ ಎರಡರಷ್ಟು ಎಣ್ಣೆ ಮಾರಬೇಕು. ಆ ಇನ್ನೊಂದು ಪಾಲು ಎಲ್ಲಿಂದ ತರೋದು? ಸ್ನೇಹಿತರ ತಟ್ಟೆಯಿಂದ ಎತ್ತಿದ್ವಿ. ಯಾರ ತಲೆ ಹೆಂಗೆ ಆಡ್ತು ಅಂತ ಯಾರಪ್ಪಾ ನೋಡ್ತಾರೆ?"

"ಆಮೇಲೆ ನಮ್ಮನ್ನ ಬಿಟ್ಟೇ ಬಿಟ್ರಲ್ಲ."

"ಸಾಕೋಕಾಗ್ಲಿಲ್ಲ, ಬಿಟ್ವಿ. ನಿಮ್ಮ ಸರ್ಕಾರ ಬಿದ್ದಾಗ ಹುಡುಗ್ರು ಚೌಕದಲ್ಲಿ ಕುಣಿದ್ರು, ಕುಣೀಲಿ. ಈ ಜನವರಿಯಿಂದ ಡಾಲರ್ ಎಣಿಸಿ ಎಣ್ಣೆ ತಗೊಳ್ಳಿ. ಖರ್ಚು ಕಡಿಮೆ ಮಾಡಿದ್ದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಟ್ಕೊಂಡ್ರಿ ನೀವು."

"ಲಿಥುವೇನಿಯಾದೋರ ಮೇಲೆ ಟ್ಯಾಂಕ್ ಬಿಟ್ಟಿದೀರಲ್ಲ ಮತ್ತೆ? ಅದಕ್ಕೆ ಡೀಸೆಲ್ ಇದ್ಯಾ?"

ಅವನು ಚಹಾದ ತಳ ನೋಡಿದ. ರೈಲು ಬಂತು.

ಮನೆಗೆ ನಡೆದು ಬರುವಷ್ಟರಲ್ಲಿ ನನ್ನ ಹಳೆಯ ರೋಗ ತಲೆಯೆತ್ತಿತು. ಇವನು ಯಾಕೆ ಇದನ್ನು ಹೇಳಿದ? ನಿನ್ನ ಕಾಗದ ಕದ್ದು ಓದಿ, ನನ್ನನ್ನು ಮೆತ್ತಗೆ ಮಾಡಿ, ಮುಂದಿನ ತಿಂಗಳು ಮತ್ತೆ ಆ ಕಂಪನಿಯ ಮಾತೆತ್ತಲು ಹೂಡಿದ ಉಪಾಯವೇ? ಕಾಗದ ಕೋಟಿನಲ್ಲಿತ್ತು ನಿಜ, ಆದರೆ ಕೋಟು ರಾತ್ರಿಯೆಲ್ಲ ಗೂಟದಲ್ಲಿತ್ತಲ್ಲ! ಪ್ಲಾಮೆನ್‌ನ ಬಡ್ತಿಯನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಹೇಳಿದ್ದಕ್ಕೆ ರಷ್ಯನ್ನರು ಕೊಡಿಸಿದ ಬಹುಮಾನ ಎಂದುಕೊಂಡಿದ್ದೆ. ಹೇಳದೆ ಉಳಿದದ್ದಕ್ಕೆ ನಮ್ಮವರೇ ಕೊಟ್ಟಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಒಂದೇ ಸಂಗತಿ, ಎರಡೂ ಕಡೆಗೆ ಹೊಂದುತ್ತದೆ. ಅನುಮಾನದ ಕಷ್ಟವೇ ಅದು.

ನಿನ್ನೆ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದಾಗ ನಿನ್ನ ಅಮ್ಮನ ಮಾತೊಂದು ನೆನಪಾಯಿತು. ನಿಮ್ಮ ಮದುವೆಯ ಊಟ. ಲೆವ್ ಅತಿಥಿ. ಅವನು ಪ್ಲಾಮೆನ್‌ಗೆ ಇನ್ನೊಂದು ಲೋಟ ರಾಕಿಯಾ ಸಾರಾಯಿ ಬೇಕೇ ಎಂದು ರಷ್ಯನ್ನಿನಲ್ಲಿ ಕೇಳಿದ. ಪ್ಲಾಮೆನ್ ಸಾಕೆಂದು ತಲೆ ಮೇಲೆ ಕೆಳಗೆ ಆಡಿಸಿದ. ಲೆವ್ ಸೀಸೆ ಕೆಳಗಿಟ್ಟ. ನಾನು ಗದರಿಸಲು ಹೊರಟೆ, ಕಲಿಸಿದ್ದೆಲ್ಲ ಮರೆತೆಯೇನೋ ಎಂದು. ನಿನ್ನ ಅಮ್ಮ ನನ್ನ ತೋಳು ಹಿಡಿದು ಕಿವಿಯಲ್ಲಿ, "ಬಿಡ್ರೀ ಪಾಪ. ಆ ಹುಡುಗನ ನಾಲಿಗೆ ರಷ್ಯನ್ ಕಲ್ತಿದೆ, ಕತ್ತು ಕಲ್ತಿಲ್ಲ," ಅಂದಳು. ನಾನು ನಕ್ಕು ಮರೆತೆ. ಇದು ಅವಳು ನನ್ನ ಕಿವಿಯಲ್ಲಿ ಹೇಳಿದ ಮಾತು. ಇದನ್ನು ಲೆವ್ ಕದ್ದು ಓದಿರಲು ಸಾಧ್ಯವಿಲ್ಲ.

ಒಲೆ ಹಚ್ಚುವುದನ್ನು ಬಿಟ್ಟು ಕೂತುಬಿಟ್ಟೆ. ದೊಡ್ಡಣ್ಣನ ಎಣ್ಣೆಯ ಹಾಗೆ ನಾನೂ ನಿನ್ನ ಗಂಡನಿಗೆ ಐದು ವರ್ಷದ ಹಳೆಯ ಬೆಲೆಯನ್ನೇ ಕಟ್ಟಿಕೊಂಡು ಬಂದಿದ್ದೇನೆ. ಇವತ್ತು ಅವನು ಏನೆಂದು ನನಗೆ ಗೊತ್ತೇ ಇಲ್ಲ.

ನೀನು ಬಾಯಿ ಬಿಟ್ಟು ಹೇಳಿ ಅಂದೆ, ಹೇಳಿದ್ದೇನೆ. ಈಗ ಹೊಸ್ತಿಲು ತುಳಿಯಬಹುದೋ ಇಲ್ಲವೋ ನೀನು ಹೇಳಬೇಕು. ಹುಷಾರು, ಮೆಟ್ಟಿಲಲ್ಲಿ ಐಸ್ ಕಟ್ಟಿರುತ್ತದೆ. ನೆಲಮಾಳಿಗೆಯಲ್ಲಿ ನಿನ್ನ ಅಮ್ಮ ಹಾಕಿಟ್ಟ ಮೆಣಸಿನಕಾಯಿ ಗೊಜ್ಜಿನ ಕೊನೆಯ ಸೀಸೆ ಇನ್ನೂ ಇದೆ. ತ್ಸೊನ್ಕಾ ಎರಡು ಸಲ ಅದರ ಕಡೆ ನೋಡಿದ್ದಾಳೆ.

ಕಾಗದದ ಕೊನೆಗೆ ಗುರುತಿಲ್ಲದವರಿಗೆ 'ಯುವರ್ಸ್ ಫೇತ್‌ಫುಲಿ', ಗುರುತಿದ್ದವರಿಗೆ 'ಯುವರ್ಸ್ ಸಿನ್ಸಿಯರ್ಲಿ' ಎಂದು ಹಾಕಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಹೇಳಿಕೊಟ್ಟಿದ್ದರು. ಅಂದರೆ ನಂಬಿಕೆ ಇರಬೇಕಾದ್ದು ಗುರುತಿಲ್ಲದವರ ಮೇಲೆ. ಮನೆಯವರಿಗೆ ಏನು ಹಾಕಬೇಕೆಂದು ಹೇಳಿದ್ದರೋ ಇಲ್ಲವೋ ಮರೆತಿದ್ದೇನೆ. ಮೊದಲನೆಯದನ್ನೇ ಹಾಕುತ್ತೇನೆ.

ನಂಬಿಕೆಯಿಂದ,
ನಿನ್ನ ಅಪ್ಪ
ಸ್ತಾಮೆನ್

ಮರೆತಿದ್ದೆ: ಇದು ದೆನಿತ್ಸಾಗಲ್ಲ. ಪ್ಲಾಮೆನ್, ಈ ತಿಂಗಳಲ್ಲಿ ಅವಳು ಮೆಟ್ಟಿಲಿಳಿದು ಅಂಚೆ ಡಬ್ಬಿಯವರೆಗೆ ಬರುವುದಿಲ್ಲ. ಲಕೋಟೆ ಮೊದಲು ನಿನ್ನ ಕೈಗೇ ಸಿಗುತ್ತದೆ. ಶುಕ್ರವಾರ ಬಂದ ಕಾಗದಕ್ಕೆ ವಿಳಾಸ ಬರೆದು ಅಂಚೆಗೆ ಹಾಕಿದವನೂ ನೀನೇ. ಒಳಗೆ ಏನಿದೆಯೆಂದು ಗೊತ್ತಿದ್ದೂ ಹಾಕಿದೆ. ಅವಳ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ವಾಲ್ನಟ್ ಮರದ್ದು, ಭಾರ ಬಹಳ, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಸೋಫಿಯಾ ನಿಲ್ದಾಣದಲ್ಲಿ ಅದರ ಒಂದು ಕಡೆ ಹಿಡಿಯಲು ಬರುತ್ತೀಯಾ? ಬರೆದು ತಿಳಿಸು. ತಲೆ ಆಡಿಸಬೇಡ. ಇಲ್ಲಿಂದ ಕಾಣುವುದಿಲ್ಲ, ಕಂಡರೂ ನನಗೆ ಓದಲು ಬರುವುದಿಲ್ಲ.